ಹುಚ್ಚಾಸ್ಪತ್ರೆಯಿಂದ ಬೈಂದೂರಿಗೆ ಎಷ್ಟು ದೂರ?

ಬೈಂದೂರಿನಿಂದ ಉತ್ತರಕ್ಕೆ ಶಿರೂರು ದಾಟಿದರೆ ಭಟ್ಕಳ. ಎರಡೂ ಕಡೆ ಒಂದೇ ಕಡಲು, ಒಂದೇ ಬಗೆಯ ಕಸುಬು, ಕೊಟ್ಟು ತಂದ ನೆಂಟಸ್ತನ. ಆದರೂ 1862ರಿಂದ 1956ರವರೆಗೆ ಇವೆರಡರ ನಡುವೆ ಎರಡು ಪ್ರಾಂತಗಳ ಗಡಿಯಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದ ಬ್ರಿಟಿಷ್ ಸರಕಾರ ಕುಂದಾಪುರ ತಾಲೂಕನ್ನು ಮಾತ್ರ ಮದರಾಸಿನಲ್ಲೇ ಉಳಿಸಿಕೊಂಡಿತು. ಹೀಗಾಗಿ ಆ ತಾಲೂಕಿನ ಬಡಗು ಮೂಲೆಯಲ್ಲಿದ್ದ ಬೈಂದೂರು ಮದರಾಸು ಪ್ರಾಂತದ ಗಡಿ ಊರುಗಳಲ್ಲಿ ಒಂದಾಯಿತು.

ಈ ಗಡಿ ಜನರ ಕಚೇರಿ ಮತ್ತು ಕೋರ್ಟುಗಳ ದಾರಿಯನ್ನು ಬದಲಿಸಿತು ಎಂಬುದು ನಮಗೆಲ್ಲ ಗೊತ್ತು. ಮನಸ್ಸಿನ ಸ್ಥಿಮಿತ ಕಳೆದುಕೊಂಡವರ ದಾರಿಯನ್ನೂ ಅದು ಬದಲಿಸಿತು ಎಂಬುದರ ಬಗ್ಗೆ ನಾವು ಅಷ್ಟಾಗಿ ಯೋಚಿಸಿಲ್ಲ. ಭಟ್ಕಳದವರಿಗೆ ಸರಕಾರಿ ಹುಚ್ಚಾಸ್ಪತ್ರೆ ಎಂದರೆ 1845ರಲ್ಲಿ ಆರಂಭವಾದ ಧಾರವಾಡದ್ದು. ಬೈಂದೂರಿನವರಿಗೆ ಮದರಾಸು ಪ್ರಾಂತದ್ದು. ಅಂದರೆ ಒಂದೋ ದೂರದ ಮದರಾಸು ನಗರ, ಇಲ್ಲವೇ 1872ರಲ್ಲಿ ಕಲ್ಲಿಕೋಟೆಯ ಕುತಿರವಟ್ಟಂನಲ್ಲಿ ತೆರೆದ ಆಸ್ಪತ್ರೆ. ಮನೆಮಂದಿ ನಂಬುವ ದೈವ, ದೇವರು, ದರ್ಗಾ, ವೈದ್ಯರು ಯಾರಿಂದಲೂ ಗುಣ ಕಾಣದೆ, ಪೊಲೀಸರ ಮತ್ತು ಮ್ಯಾಜಿಸ್ಟ್ರೇಟರ ಕೈಗೆ ಸಿಕ್ಕವರಿಗೆ ಕಾನೂನು ತೋರಿಸುತ್ತಿದ್ದ ದಾರಿ ಅದು.

ಆಸ್ಪತ್ರೆಗೆ ಹೋಗುವ ದಾರಿಯ ಬಗ್ಗೆ ಸರಕಾರಗಳು ನೂರೈವತ್ತು ವರ್ಷಗಳಿಂದ ಕಾಯ್ದೆ ಮಾಡುತ್ತಾ ಬಂದಿವೆ. ಅಲ್ಲಿಂದ ಮರಳಿ ಬರುವ ದಾರಿಯ ಬಗ್ಗೆ ಯಾರು ಯೋಚಿಸಿದರು? ವಾರ್ಡಿನಲ್ಲಿ ದಿನವಿಡೀ ರೋಗಿಯ ಜೊತೆಗಿರುವ ನರ್ಸು, ಆಯಾ, ಅಟೆಂಡರ್, ವೈದ್ಯರು ‘ಗುಣವಾಗುವುದು’ ಎಂದರೆ ಏನೆಂದು ತಿಳಿದುಕೊಂಡಿದ್ದರು? ಇಂದು ಏನೆಂದು ತಿಳಿದುಕೊಂಡಿದ್ದಾರೆ? ಮನೋರೋಗ ಚಿಕಿತ್ಸೆಯ ಚರಿತ್ರೆಯನ್ನು ಈ ಪ್ರಶ್ನೆಯ ಮೂಲಕ ಓದಿದರೆ ನಮ್ಮ ಕರಾವಳಿಗೆ ಸಂಬಂಧಿಸಿದ ಕೆಲವು ಸಂಗತಿಗಳು ಕಣ್ಣಿಗೆ ಬೀಳುತ್ತವೆ.

ದೂರವೇ ಕಾಯಿಲೆಯಾದಾಗ

ಬೈಂದೂರಿನಿಂದ ಕಲ್ಲಿಕೋಟೆಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ಅದಕ್ಕಿಂತ ಮೊದಲು ಕಡಲಿನಲ್ಲಿ ಹಾಯಿ ಹಡಗು, ನೆಲದಲ್ಲಿ ಎತ್ತಿನ ಗಾಡಿ, ಹೊಳೆಹೊಳೆಗೂ ದೋಣಿ. ಮಳೆಗಾಲದ ನಾಲ್ಕು ತಿಂಗಳು ಅದೂ ಕಷ್ಟ. ಕೂಲಿ ಮಾಡುವ, ಬಲೆ ಬೀಸುವ ಮನೆಯವರು ಒಳಗಿದ್ದವರನ್ನು ನೋಡಿ ಬರಲು ಎಷ್ಟು ಬಾರಿ ಹೋಗಬಲ್ಲರು? ಒಮ್ಮೆ ಕಳಿಸಿದರೆ ಕಳಿಸಿದಂತೆಯೇ. ಕುಂದಾಪುರದ ಕನ್ನಡ ಮಾತ್ರ ಬಲ್ಲವನಿಗೆ ಅಲ್ಲಿ ಸುತ್ತಮುತ್ತ ಕೇಳುವುದು ಮಲಯಾಳ, ಅಧಿಕಾರಿಗಳ ಕಡತದಲ್ಲಿರುವುದು ಇಂಗ್ಲಿಷ್. ತನಗೆ ಏನಾಗುತ್ತಿದೆ ಎಂದು ಹೇಳಿಕೊಳ್ಳಲು ಮಾತೇ ಇಲ್ಲದವನು ಮೌನವಾದರೆ ಅದು ರೋಗದ ಲಕ್ಷಣವೋ, ಒಂಟಿತನದ ಫಲವೋ ಎಂದು ಹೇಳುವವರು ಯಾರು?

ಆ ಕಾಲದ ಕಾಯ್ದೆಗಳು ಇದನ್ನು ಕೇಳಲಿಲ್ಲ. 1858ರ ಕಾಯ್ದೆಯಾಗಲಿ, 1912ರ ಭಾರತೀಯ ಲೂನಸಿ ಕಾಯ್ದೆಯಾಗಲಿ ಹೆಚ್ಚಾಗಿ ಚರ್ಚಿಸಿದ್ದು ಯಾರನ್ನು ಹಿಡಿದು ಒಳಗಿಡಬಹುದು, ಯಾರ ಆದೇಶದಿಂದ, ಆಸ್ತಿ ಯಾರ ವಶದಲ್ಲಿರಬೇಕು ಎಂಬುದನ್ನು. ಅಪಾಯಕಾರಿಯಾದವನನ್ನು ಸಮಾಜದಿಂದ ದೂರ ಇಡುವುದು ಅವುಗಳ ಮುಖ್ಯ ಕಾಳಜಿ. ಹಾಗಿದ್ದಾಗ ಸಿಬ್ಬಂದಿಯ ಕೆಲಸವೂ ಅದಕ್ಕೆ ತಕ್ಕಂತೆಯೇ ರೂಪುಗೊಂಡಿತು. ಅಂದಿನ ಹುಚ್ಚಾಸ್ಪತ್ರೆಯ ಕೆಲಸಗಾರನಿಗೂ ಜೈಲಿನ ಕಾವಲುಗಾರನಿಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಯಾರೂ ಓಡಿಹೋಗಲಿಲ್ಲ, ಯಾರೂ ಯಾರನ್ನೂ ಹೊಡೆಯಲಿಲ್ಲ, ಎಣಿಕೆ ಸರಿಯಾಗಿದೆ ಎಂದರೆ ಅವನ ದಿನದ ಕೆಲಸ ಮುಗಿಯಿತು. ಇದು ಆ ಬಡ ನೌಕರನ ಕ್ರೌರ್ಯವಲ್ಲ. ಅವನಿಗೆ ಯಾರೂ ಬೇರೆ ಕೆಲಸವನ್ನು ಕಲಿಸಿರಲಿಲ್ಲ.

1946ರಲ್ಲಿ ಬಂದ ಭೋರ್ ಸಮಿತಿಯ ವರದಿಗಾಗಿ ಕರ್ನಲ್ ಮೂರ್ ಟೇಲರ್ ಎಂಬ ಅಧಿಕಾರಿ ದೇಶದ 19 ಮಾನಸಿಕ ಆಸ್ಪತ್ರೆಗಳ ಸ್ಥಿತಿಗತಿಯನ್ನು ಪರಿಶೀಲಿಸಿದರು. ಅವುಗಳಲ್ಲಿ ಹೆಚ್ಚಿನವು ಕೂಡಿಹಾಕಿ ಕಾಯುವುದಕ್ಕಾಗಿ ಕಟ್ಟಿದಂಥವು, ಚಿಕಿತ್ಸೆಯನ್ನು ಮನಸ್ಸಿನಲ್ಲಿಟ್ಟು ಕಟ್ಟಿದವಲ್ಲ ಎಂಬುದು ಅವರ ತೀರ್ಮಾನವಾಗಿತ್ತು. ಇಡೀ ದೇಶಕ್ಕೆ ಆಗ ಇದ್ದ ಹಾಸಿಗೆಗಳು ಹತ್ತು ಸಾವಿರದಷ್ಟು. ‘ಅಸೈಲಂ’ ಎಂಬ ಹೆಸರು ಹೋಗಿ ‘ಮೆಂಟಲ್ ಹಾಸ್ಪಿಟಲ್’ ಎಂಬ ಫಲಕ ಬಂದು ಆಗಲೇ ಎರಡು ದಶಕಗಳು ಕಳೆದಿದ್ದವು. ಫಲಕ ಬದಲಾಗಿತ್ತು, ಗೋಡೆ ಮತ್ತು ಬೀಗ ಹಾಗೆಯೇ ಇದ್ದವು.

ಕಾವಲಿನಿಂದ ಚಿಕಿತ್ಸೆಗೆ

ಬೆಂಗಳೂರಿನ ಕತೆ ತುಸು ಬೇರೆ. ಅಲ್ಲಿನ ಆಸ್ಪತ್ರೆಯ ಮೂಲ 1847ರಷ್ಟು ಹಳೆಯದು. 1925ರಲ್ಲಿ ಅದು ಮಾನಸಿಕ ಆಸ್ಪತ್ರೆಯಾಯಿತು, 1930ರ ದಶಕದಲ್ಲಿ ಹೊಸೂರು ರಸ್ತೆಯ ವಿಶಾಲವಾದ ಜಾಗಕ್ಕೆ ಬಂತು. ಮೈಸೂರು ಸಂಸ್ಥಾನ ಅದನ್ನು ಮಾದರಿ ಆಸ್ಪತ್ರೆಯಾಗಿ ಬೆಳೆಸಿತು. ಡಾ. ಫ್ರಾಂಕ್ ನೊರೋನ್ಹಾ ಮತ್ತು ಅವರ ನಂತರ ಡಾ. ಎಂ.ವಿ. ಗೋವಿಂದಸ್ವಾಮಿ ಅದಕ್ಕೆ ರೂಪ ಕೊಟ್ಟವರು. 1954ರಲ್ಲಿ ಅಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿ ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರಾದರು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು.

ನಮ್ಮ ಪ್ರಶ್ನೆಗೆ ಮುಖ್ಯವಾದದ್ದು 1950ರ ದಶಕದಲ್ಲಿ ಅಲ್ಲಿ ಆರಂಭವಾದ ತರಬೇತಿ. ಮನೋವೈದ್ಯರಿಗೆ, ಮನಶ್ಶಾಸ್ತ್ರಜ್ಞರಿಗೆ ಮಾತ್ರವಲ್ಲದೆ ನರ್ಸುಗಳಿಗೂ ಮನೋರೋಗಿಗಳ ಶುಶ್ರೂಷೆಯಲ್ಲಿ ಡಿಪ್ಲೊಮಾ ಕೊಡುವ ವ್ಯವಸ್ಥೆಯಾಯಿತು. ಕಾಯುವವರ ಜಾಗಕ್ಕೆ ಆರೈಕೆ ಮಾಡುವವರು ಬರತೊಡಗಿದರು. ಅದೇ ಕಾಲಕ್ಕೆ ಕ್ಲೋರ್‌ಪ್ರೊಮಝಿನ್‌ನಂಥ ಹೊಸ ಮಾತ್ರೆಗಳೂ ಬಂದವು. ಕೂಗಾಡುತ್ತಿದ್ದವರು ವಾರಗಳಲ್ಲಿ ಶಾಂತರಾಗುವುದನ್ನು ಸಿಬ್ಬಂದಿ ಕಣ್ಣಾರೆ ಕಂಡರು. ಮನೋರೋಗಕ್ಕೆ ಮದ್ದಿಲ್ಲ ಎಂಬ ನಂಬಿಕೆ ಒಡೆಯಿತು. ಇದು ಸಣ್ಣ ಬದಲಾವಣೆಯಲ್ಲ.

ಆದರೆ ಇದರಿಂದ ‘ಗುಣ’ ಎಂಬುದಕ್ಕೆ ಹೊಸದೊಂದು ಅಳತೆ ಹುಟ್ಟಿತು. ಧ್ವನಿ ಕೇಳಿಸುವುದು ನಿಂತಿತೇ? ನಿದ್ದೆ ಬರುತ್ತಿದೆಯೇ? ಮಾತ್ರೆ ನುಂಗುತ್ತಾರೆಯೇ? ಹೌದು ಎಂದಾದರೆ ಡಿಸ್ಚಾರ್ಜ್. ಆತ ಮನೆಗೆ ಹೋಗಿ ಏನು ಮಾಡುತ್ತಾನೆ, ಮನೆಯವರು ಒಳಗೆ ಸೇರಿಸಿಕೊಳ್ಳುತ್ತಾರೆಯೇ, ಆಕೆಯ ಮದುವೆ ಮುರಿಯಿತೇ ಎಂಬುದೆಲ್ಲ ಕೇಸ್ ಶೀಟಿನ ಹೊರಗೆ ಉಳಿಯಿತು.

ಇದಕ್ಕೆ ಉತ್ತರ ಹುಡುಕಿದವರೂ ಆಗಲೇ ಇದ್ದರು. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲಿ ಆವರಣದಲ್ಲೇ ಡೇರೆ ಹಾಕಿಸಿ ರೋಗಿಯ ಮನೆಯವರನ್ನೂ ಉಳಿಸಿಕೊಂಡರು. ಮನೆಯವರು ಆರೈಕೆ ಕಲಿತರು, ರೋಗಿಗೆ ತಾನು ತ್ಯಜಿಸಲ್ಪಟ್ಟವನಲ್ಲ ಎಂಬ ಧೈರ್ಯ ಬಂತು, ಮನೆಗೆ ಮರಳುವುದು ಸುಲಭವಾಯಿತು. ಹಾಸಿಗೆಗಳ ಕೊರತೆಯನ್ನೂ ಅದು ನೀಗಿಸಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು, ಆಮೇಲೆ ಬೆಂಗಳೂರು ಇದೇ ದಾರಿ ಹಿಡಿದವು. ಹೊರದೇಶದ ಆಸ್ಪತ್ರೆಗಳು ರೋಗಿಯ ಕುಟುಂಬವನ್ನು ಗೇಟಿನ ಹೊರಗೆ ನಿಲ್ಲಿಸುತ್ತಿದ್ದ ಕಾಲದಲ್ಲಿ ನಮ್ಮವರು ಒಳಗೆ ಕರೆದರು. ಇದು ನಾವು ಮರೆಯಬಾರದ ಸಂಗತಿ.

ಕೋಟದ ಪಾಠ

ಹೀಗೆ ದೊಡ್ಡ ಊರುಗಳ ಆಸ್ಪತ್ರೆಗಳಲ್ಲಿ ಆರಂಭವಾದ ಯೋಚನೆ ನಮ್ಮ ಊರುಗಳ ಬಾಗಿಲಿಗೂ ಬಂದದ್ದುಂಟು. ಬೈಂದೂರಿನಿಂದ ದಕ್ಷಿಣಕ್ಕೆ ಕುಂದಾಪುರ ದಾಟಿ ಹೋದರೆ ಇಂದಿನ ಬ್ರಹ್ಮಾವರ ತಾಲೂಕಿನ ಕೋಟ ಸಿಗುತ್ತದೆ. ಶಿವರಾಮ ಕಾರಂತರ ಹುಟ್ಟೂರೆಂದು ಎಲ್ಲರಿಗೂ ಗೊತ್ತು. ಮನೋವೈದ್ಯಕೀಯ ಪುಸ್ತಕಗಳಲ್ಲೂ ಆ ಊರಿನ ಹೆಸರಿದೆ ಎಂಬುದು ಹೆಚ್ಚಿನವರಿಗೆ ತಿಳಿಯದು. ಎಡಿನ್‌ಬರೋದ ಪ್ರೊಫೆಸರ್ ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಮುಂದೆ ನಿಮ್ಹಾನ್ಸ್‌ನ ಮನೋವೈದ್ಯ ವಿಭಾಗದ ಮುಖ್ಯಸ್ಥರಾದ ಡಾ. ಆರ್.ಎಲ್. ಕಪೂರ್ ಅಲ್ಲಿ ಅಧ್ಯಯನ ನಡೆಸಿ 1976ರಲ್ಲಿ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಪುಸ್ತಕ ಪ್ರಕಟಿಸಿದರು. ಬ್ರಾಹ್ಮಣರು, ಬಂಟರು, ಮೊಗವೀರರು ಈ ಮೂರು ಸಮುದಾಯಗಳ ಮನೆಮನೆಗೆ ಹೋಗಿ ಮಾಡಿದ ಅಧ್ಯಯನವದು. ಅಳಿಯಸಂತಾನದಿಂದ ಮಕ್ಕಳಸಂತಾನಕ್ಕೆ ಹೊರಳುತ್ತಿದ್ದ ಸಮಾಜದಲ್ಲಿ ಮನಸ್ಸಿನ ಮೇಲೆ ಏನು ಒತ್ತಡ ಬೀಳುತ್ತದೆ ಎಂಬುದು ಅವರ ಕುತೂಹಲಗಳಲ್ಲಿ ಒಂದು.

ಆ ಅಧ್ಯಯನದಲ್ಲಿ ಎರಡು ಅಂಶಗಳು ನಮಗೆ ಇಲ್ಲಿ ಬೇಕು. ಮೊದಲನೆಯದು, ಅವರು ರೋಗಲಕ್ಷಣಗಳನ್ನು ಮಾತ್ರ ಎಣಿಸಲಿಲ್ಲ. ಆ ಮನುಷ್ಯ ದಿನದ ಬದುಕನ್ನು ಹೇಗೆ ನಡೆಸುತ್ತಿದ್ದಾನೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಲಕ್ಷಣವಿದ್ದೂ ಸಂಸಾರ ತೂಗಿಸುವವರುಂಟು, ಸಣ್ಣ ತೊಂದರೆಗೇ ಕುಸಿದವರುಂಟು. ಎರಡನೆಯದು, ಜನ ಯಾರ ಬಳಿ ಹೋಗುತ್ತಾರೆ ಎಂಬುದು. ನಾಟಿ ವೈದ್ಯರು, ಮಂತ್ರವಾದಿ, ದರ್ಶನದ ಪಾತ್ರಿ, ಇಂಗ್ಲಿಷ್ ಮದ್ದಿನ ಡಾಕ್ಟರು, ಈ ಎಲ್ಲರ ಬಳಿಗೂ ಜನ ಹೋಗುತ್ತಿದ್ದರು. ಓದಿದವರು ಡಾಕ್ಟರಿಗೆ, ಓದದವರು ಮಂತ್ರವಾದಿಗೆ ಎಂಬ ಸರಳ ಗೆರೆ ಅಲ್ಲಿರಲಿಲ್ಲ. ಒಬ್ಬರೇ ಇಬ್ಬರ ಬಳಿಗೂ ಹೋಗುವುದು ಸಾಮಾನ್ಯವಾಗಿತ್ತು.

ಜನ ಪಾತ್ರಿಯ ಬಳಿ ಯಾಕೆ ಹೋಗುತ್ತಾರೆ ಎಂದು ಆಸ್ಪತ್ರೆಯವರು ಸಾಮಾನ್ಯವಾಗಿ ಬೇಸರದಿಂದ ಕೇಳುತ್ತಾರೆ. ಅದನ್ನು ನಿಜವಾದ ಪ್ರಶ್ನೆಯಾಗಿ ಕೇಳಿದರೆ ಉತ್ತರವೂ ಸಿಗುತ್ತದೆ. ಅಲ್ಲಿ ಅವರ ಭಾಷೆಯಲ್ಲೇ ಮಾತಾಗುತ್ತದೆ. ಮನೆಯವರೆಲ್ಲ ಕೂತಿರುತ್ತಾರೆ. ‘ನಿನಗೆ ಹೀಗೇಕಾಯಿತು’ ಎಂಬುದಕ್ಕೆ ಒಂದು ಕತೆ ಸಿಗುತ್ತದೆ. ಅದಕ್ಕಿಂತ ಮುಖ್ಯವಾಗಿ, ತಪ್ಪುಕಾಣಿಕೆ ಹಾಕಿ ಎದ್ದ ಮೇಲೆ ಆ ವ್ಯಕ್ತಿ ಊರಿನೊಳಗೆ ಮತ್ತೆ ಒಬ್ಬನಾಗುತ್ತಾನೆ. ಅದು ರೋಗವನ್ನು ವಾಸಿ ಮಾಡುತ್ತದೆ ಎಂದು ನಾವು ಹೇಳುತ್ತಿಲ್ಲ. ತೀವ್ರವಾದ ಮನೋರೋಗಕ್ಕೆ ಮದ್ದು ಬೇಕೇ ಬೇಕು, ತಡವಾದಷ್ಟೂ ಹಾನಿ. ಆದರೆ ಮರಳಿ ಊರಿಗೆ ಸೇರಿಸಿಕೊಳ್ಳುವ ಕೆಲಸವನ್ನು ಆಸ್ಪತ್ರೆ ತನ್ನದೆಂದು ತಿಳಿಯದೆ ಬಿಟ್ಟದ್ದು ನಿಜ.

ಏರ್ವಾಡಿಯ ಬೆಂಕಿ

ನಂಬಿಕೆಯ ಜಾಗಗಳನ್ನು ಕಣ್ಣುಮುಚ್ಚಿ ಹೊಗಳುವಂತೆಯೂ ಇಲ್ಲ. 2001ರ ಆಗಸ್ಟ್ 6ರ ನಸುಕಿನಲ್ಲಿ ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ, ದರ್ಗಾದ ಹೆಸರನ್ನು ನೆಚ್ಚಿ ಬೆಳೆದ ಒಂದು ಖಾಸಗಿ ‘ಮಾನಸಿಕ ಗೃಹ’ಕ್ಕೆ ಬೆಂಕಿ ಬಿತ್ತು. ಸರಪಳಿ ಬಿಗಿದಿದ್ದುದರಿಂದ ಓಡಲಾಗದೆ 28 ಮಂದಿ ಸುಟ್ಟು ಸತ್ತರು. ಗುಣವಾಗಲೆಂದು ದೂರದೂರದಿಂದ ಕರೆತಂದು ಬಿಟ್ಟುಹೋದ ಮನುಷ್ಯರವರು. ಸುಪ್ರೀಂ ಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು.

ಮುಸ್ಲಿಮರಾದ ನಮಗೆ ಇದು ಇನ್ನೂ ಹೆಚ್ಚು ಚುಚ್ಚಬೇಕು. ಮನೋರೋಗಿಯನ್ನು ಸರಪಳಿಯಲ್ಲಿಡುವುದು ನಮ್ಮ ಪರಂಪರೆ ಎಂದು ಯಾರೂ ಹೇಳುವಂತಿಲ್ಲ. 1488ರಲ್ಲಿ ತುರ್ಕಿಯ ಎದಿರ್ನೆಯಲ್ಲಿ ಸುಲ್ತಾನ್ ಎರಡನೇ ಬಾಯಜೀದ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಇಂಥ ರೋಗಿಗಳಿಗೆ ಸಂಗೀತ ಕೇಳಿಸುತ್ತಿದ್ದುದನ್ನು ಪ್ರವಾಸಿ ಎವ್ಲಿಯಾ ಚೆಲೆಬಿ ಹದಿನೇಳನೇ ಶತಮಾನದಲ್ಲಿ ಬರೆದಿದ್ದಾನೆ. ಅಂಥ ಆಸ್ಪತ್ರೆಗಳನ್ನು ಕಟ್ಟಿದವರ ವಾರಸುದಾರರೆಂದು ಹೇಳಿಕೊಳ್ಳುವವರು ಏರ್ವಾಡಿಗೂ ಉತ್ತರ ಹೇಳಬೇಕಾಗುತ್ತದೆ.

ಸರಕಾರಿ ಆಸ್ಪತ್ರೆಗಳು ಮೇಲು ಎಂದೇನೂ ಅಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನಿಮ್ಹಾನ್ಸ್ ನೆರವಿನಿಂದ ದೇಶದ ಮಾನಸಿಕ ಆಸ್ಪತ್ರೆಗಳನ್ನು ಪರಿಶೀಲಿಸಿ 1999ರಲ್ಲಿ ಕೊಟ್ಟ ವರದಿಯ ಪ್ರಕಾರ, ಮೂರರಲ್ಲಿ ಒಂದಕ್ಕಿಂತ ಹೆಚ್ಚು ಆಸ್ಪತ್ರೆಗಳು ಇನ್ನೂ ಜೈಲಿನಂಥ ಹಳೆಯ ರಚನೆಯಲ್ಲೇ ಇದ್ದವು. ಮೂರ್ ಟೇಲರ್ ನೋಡಿ ಅರ್ಧ ಶತಮಾನ ಕಳೆದಿತ್ತು.

ಒಂದು ಕ್ರಿಯಾಪದದ ವ್ಯತ್ಯಾಸ

ಕನ್ನಡದಲ್ಲಿ ‘ಗುಣಪಡಿಸು’ ಎಂಬುದು ಒಬ್ಬರು ಇನ್ನೊಬ್ಬರಿಗೆ ಮಾಡುವ ಕೆಲಸ. ‘ಚೇತರಿಸಿಕೊಳ್ಳು’ ಎಂಬುದನ್ನು ಯಾರೂ ಇನ್ನೊಬ್ಬರಿಗೆ ಮಾಡಲಾಗದು. ಅದನ್ನು ಆ ಮನುಷ್ಯನೇ ಮಾಡಬೇಕು, ಬೇರೆಯವರು ಆಸರೆಯಾಗಬಹುದು. ಜಗತ್ತಿನ ಮನೋವೈದ್ಯಕೀಯದಲ್ಲಿ ಕಳೆದ ನಾಲ್ಕು ದಶಕಗಳಲ್ಲಿ ನಡೆದ ಚರ್ಚೆಯ ಸಾರವೆಲ್ಲ ಈ ಎರಡು ಕ್ರಿಯಾಪದಗಳ ನಡುವೆ ಇದೆ.

ಆ ಚರ್ಚೆಯನ್ನು ಮೊದಲು ಎತ್ತಿದವರು ರೋಗಿಗಳಾಗಿದ್ದವರೇ. ಹದಿಹರೆಯದಲ್ಲಿ ಸ್ಕಿಜೋಫ್ರೇನಿಯಾ ಎಂದು ಗುರುತಿಸಲ್ಪಟ್ಟು ಮುಂದೆ ಮನಶ್ಶಾಸ್ತ್ರಜ್ಞೆಯಾದ ಅಮೆರಿಕದ ಪೆಟ್ರಿಶಿಯಾ ಡೀಗನ್ 1988ರಲ್ಲಿ ತನ್ನ ಅನುಭವದ ನೆಲೆಯಿಂದ ಚೇತರಿಕೆಯ ಬಗ್ಗೆ ಬರೆದರು. 1993ರಲ್ಲಿ ವಿಲಿಯಂ ಆಂಟನಿ ಅದನ್ನು ಆರೋಗ್ಯ ಸೇವೆಗಳ ಗುರಿಯಾಗಿ ಮುಂದಿಟ್ಟರು. ರೋಗ ಪೂರ್ತಿ ಹೋಗದಿದ್ದರೂ ಅದರ ಮಿತಿಗಳ ನಡುವೆಯೇ ಆಸೆ, ಅರ್ಥ, ದುಡಿಮೆ, ಸಂಬಂಧಗಳಿರುವ ಬದುಕನ್ನು ಕಟ್ಟಿಕೊಳ್ಳಬಹುದು, ಅದೇ ಚೇತರಿಕೆ ಎಂಬುದು ಈ ವಿಚಾರದ ತಿರುಳು.

ಈ ಮಾತನ್ನು ಆಸ್ಪತ್ರೆಯ ಸಿಬ್ಬಂದಿ ಹೇಗೆ ಅರ್ಥಮಾಡಿಕೊಂಡಿದ್ದಾರೆ? ಇಂಗ್ಲೆಂಡಿನ ಕ್ಲೇರ್ ಲೆ ಬುಟಿಲಿಯೆ ಮತ್ತು ಸಂಗಡಿಗರು ಈ ಬಗ್ಗೆ ನಡೆದಿದ್ದ ಹಲವು ಅಧ್ಯಯನಗಳನ್ನು ಒಟ್ಟಿಗೆ ಓದಿ 2015ರಲ್ಲಿ ಮೂರು ಬಗೆಯ ತಿಳಿವಳಿಕೆಗಳನ್ನು ಗುರುತಿಸಿದರು. ಲಕ್ಷಣ ಕಡಿಮೆಯಾಗುವುದೇ ಚೇತರಿಕೆ ಎಂಬುದು ಒಂದು. ರೋಗಿ ತನಗೆ ಬೇಕಾದ ಬದುಕಿನತ್ತ ಸಾಗುವುದು ಎಂಬುದು ಇನ್ನೊಂದು. ಮೂರನೆಯದು ಸಂಸ್ಥೆಯ ಅನುಕೂಲದ್ದು: ಹಾಸಿಗೆ ಬೇಗ ಖಾಲಿಯಾಗಬೇಕು, ಖರ್ಚು ಇಳಿಯಬೇಕು, ಅದಕ್ಕೂ ಚೇತರಿಕೆ ಎಂದೇ ಹೆಸರು. ಒಂದೇ ಪದವನ್ನು ಒಂದೇ ವಾರ್ಡಿನಲ್ಲಿ ಮೂರು ಅರ್ಥದಲ್ಲಿ ಬಳಸುತ್ತಿದ್ದರೆ ರೋಗಿಯ ಪಾಡೇನು?

ನಮ್ಮಲ್ಲೂ ಇದೇ ಗೊಂದಲವಿದೆ ಎಂದರೆ ಸಿಬ್ಬಂದಿಯನ್ನು ದೂರಿದಂತಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬ ಸಿಸ್ಟರ್ ಇಡೀ ವಾರ್ಡನ್ನು ನೋಡಿಕೊಳ್ಳಬೇಕು. ರೋಗಿ ಓಡಿಹೋದರೆ, ಜೀವಕ್ಕೆ ಅಪಾಯ ಮಾಡಿಕೊಂಡರೆ ಮೊದಲು ನೋಟಿಸು ಬರುವುದು ಅವರಿಗೇ. ಆತ ಮತ್ತೆ ಕೆಲಸಕ್ಕೆ ಹೋಗತೊಡಗಿದರೆ ಆ ಸುದ್ದಿ ಅವರಿಗೆ ಮುಟ್ಟುವುದೂ ಇಲ್ಲ. ಅವಘಡಕ್ಕೆ ಶಿಕ್ಷೆಯಿದ್ದು ಚೇತರಿಕೆಗೆ ಲೆಕ್ಕವೇ ಇಲ್ಲದ ಕಡೆ ಸಿಬ್ಬಂದಿ ಬೀಗದ ಕೈಯನ್ನೇ ನೆಚ್ಚಿಕೊಳ್ಳುವುದು ಸಹಜ. ಹಳೆಯ ಕಾವಲುಗಾರ ಬದುಕಿರುವುದು ಈ ಲೆಕ್ಕಾಚಾರದಲ್ಲಿ.

ಚೇತರಿಕೆಯ ಮಾತು ಮದ್ದಿಗೆ ವಿರುದ್ಧವೂ ಅಲ್ಲ. ಘಟ್ಟದ ಮೇಲೆ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲೂಕಿನಲ್ಲಿ 2005ರಿಂದ ನಿಮ್ಹಾನ್ಸ್ ತಂಡ ಸ್ಕಿಜೋಫ್ರೇನಿಯಾ ಇರುವವರನ್ನು ಅವರ ಊರುಗಳಲ್ಲೇ ಗುರುತಿಸಿ ಚಿಕಿತ್ಸೆ ಕೊಟ್ಟು ವರ್ಷಗಟ್ಟಲೆ ಗಮನಿಸಿತು. ಮದ್ದು ಸಿಕ್ಕವರ ಅಸಾಮರ್ಥ್ಯ ಕಡಿಮೆಯಾಯಿತು. ತೋಟ, ಗದ್ದೆ, ಮನೆಗೆಲಸಗಳಲ್ಲಿ ದುಡಿಯುವವರ ಪಾಲು ಗಣನೀಯವಾಗಿತ್ತು. ಆಸ್ಪತ್ರೆಯ ಬಿಳಿ ಗೋಡೆಯ ನಡುವೆ ‘ಏನೂ ಮಾಡಲಾರ’ ಎನಿಸಿದವರು ಅಡಿಕೆ ಸುಲಿಯುವ ಅಂಗಳದಲ್ಲಿ ತಮ್ಮ ಪಾಲಿನ ಕೆಲಸ ಮಾಡಬಲ್ಲರು. ಹಾಗೆಂದಮೇಲೆ ಮರವಂತೆ, ಉಪ್ಪುಂದ, ಗಂಗೊಳ್ಳಿಯ ಕಡಲ ದಡದಲ್ಲಿ ಬಲೆ ಹೆಣೆಯುವ ಕೈಗೆ ಅದು ಯಾಕೆ ಆಗದು?

ಕಾಯ್ದೆಯಲ್ಲಿ ಇರುವುದು, ವಾರ್ಡಿನಲ್ಲಿ ಬರಬೇಕಾದದ್ದು

1912ರ ಕಾಯ್ದೆಯ ಜಾಗಕ್ಕೆ 1987ರ ಮಾನಸಿಕ ಆರೋಗ್ಯ ಕಾಯ್ದೆ, ಅದರ ಜಾಗಕ್ಕೆ 2017ರ ಮಾನಸಿಕ ಆರೋಗ್ಯ ಸೇವೆಗಳ ಕಾಯ್ದೆ ಬಂತು. ಈಗ ಜಾರಿಯಲ್ಲಿರುವ ಈ ಕಾಯ್ದೆಯನ್ನು ಓದಿದರೆ ಹಿಂದಿನ ಆಸ್ಪತ್ರೆಗಳಲ್ಲಿ ಏನೇನು ನಡೆಯುತ್ತಿತ್ತು ಎಂಬುದರ ಪಟ್ಟಿಯೇ ಸಿಗುತ್ತದೆ. ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಬಿಗಿಯುವಂತಿಲ್ಲ. ಒತ್ತಾಯದಿಂದ ತಲೆ ಬೋಳಿಸುವಂತಿಲ್ಲ. ಸಮವಸ್ತ್ರ ಹೇರುವಂತಿಲ್ಲ, ತನ್ನ ಬಟ್ಟೆಯನ್ನೇ ತೊಡುವ ಹಕ್ಕುಂಟು. ಬಿಟ್ಟಿ ದುಡಿಸುವಂತಿಲ್ಲ. ಸಮಾಜದ ನಡುವೆ ಬದುಕುವ ಹಕ್ಕುಂಟು. ಮುಂದೆ ಕಾಯಿಲೆ ಮರುಕಳಿಸಿದರೆ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂದು ಮೊದಲೇ ಬರೆದಿಡಬಹುದು. ಡಿಸ್ಚಾರ್ಜಿಗೆ ಮೊದಲು ಮುಂದಿನ ಯೋಜನೆಯನ್ನು ವೈದ್ಯರು ರೋಗಿಯೊಂದಿಗೆ ಮತ್ತು ನೋಡಿಕೊಳ್ಳುವವರೊಂದಿಗೆ ಕೂತು ಚರ್ಚಿಸಬೇಕು.

ಈ ಕೊನೆಯ ಅಂಶ ಕಾಗದದ ಮೇಲೆ ಚಿಕ್ಕದು. ಆದರೆ ಮರಳಿ ಬರುವ ದಾರಿಯನ್ನು ಕಾಯ್ದೆ ತನ್ನ ಹೊಣೆಯೆಂದು ಒಪ್ಪಿಕೊಂಡದ್ದು ಇದರಲ್ಲಿಯೇ. ಅದನ್ನು ನಿಜ ಮಾಡಬೇಕಾದವರು ವಾರ್ಡಿನ ಸಿಬ್ಬಂದಿ. ಅದಕ್ಕೆ ದೊಡ್ಡ ಯಂತ್ರವೇನೂ ಬೇಡ. ರೌಂಡ್ಸಿನಲ್ಲಿ ‘ನಿದ್ದೆ ಬಂತಾ, ಮಾತ್ರೆ ತಗೊಂಡ್ರಾ’ ಎಂಬುದರ ಜೊತೆಗೆ ‘ಊರಿಗೆ ಹೋಗಿ ಏನು ಮಾಡಬೇಕೂಂತ ಇದ್ದೀರಿ’ ಎಂದೂ ಕೇಳಬೇಕು. ಉತ್ತರವನ್ನು ಕೇಸ್ ಶೀಟಿನಲ್ಲಿ ಬರೆಯಬೇಕು. ಮಾತ್ರೆಯಿಂದ ಕೈ ನಡುಗುತ್ತದೆ, ಬಲೆ ಹಿಡಿಯಲಾಗುವುದಿಲ್ಲ ಎಂದು ಆತ ಹೇಳಿದರೆ ಅದನ್ನು ಹಟವೆಂದು ತಿಳಿಯದೆ ಡಾಕ್ಟರಿಗೆ ತಿಳಿಸಬೇಕು. ತವರಿಗೆ ಹೋಗಬೇಕೋ ಗಂಡನ ಮನೆಗೋ ಎಂಬುದನ್ನು ಅವಳ ಅಣ್ಣನನ್ನು ಮಾತ್ರ ಕೇಳದೆ ಅವಳನ್ನೂ ಕೇಳಬೇಕು. ಕುಟುಂಬವನ್ನು ಒಳಗೆ ಕರೆದ ನಮ್ಮ ಪರಂಪರೆ ಒಳ್ಳೆಯದು. ಆದರೆ ಕುಟುಂಬದ ಮಾತಿನಡಿಯಲ್ಲಿ ರೋಗಿಯ ಮಾತು ಹೂತುಹೋಗಬಾರದು.

ಬೈಂದೂರು 2018ರಲ್ಲಿ ಸ್ವತಂತ್ರ ತಾಲೂಕಾಯಿತು. ಮಣಿಪಾಲ, ಉಡುಪಿ, ಮಂಗಳೂರುಗಳಲ್ಲಿ ಮನೋವೈದ್ಯರಿದ್ದಾರೆ. ನಿಗದಿತ ಮಂಗಳವಾರಗಳಂದು ಮನೋವೈದ್ಯರು ತಾಲೂಕು ಆಸ್ಪತ್ರೆಗಳಿಗೆ ಬರುವ ಮನೋಚೈತನ್ಯ ಕಾರ್ಯಕ್ರಮವನ್ನು ರಾಜ್ಯ ಸರಕಾರ 2014ರಲ್ಲಿ ಆರಂಭಿಸಿತು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಮನೆಯಿಂದಲೇ ಕರೆಮಾಡಿ ಕನ್ನಡದಲ್ಲಿ ಮಾತಾಡಬಹುದು. ಕಲ್ಲಿಕೋಟೆಯ ಮುನ್ನೂರು ಕಿಲೋಮೀಟರ್ ಈಗ ಒಂದು ಬಸ್ಸಿನ ದಾರಿಗೆ, ಒಂದು ಫೋನಿಗೆ ಇಳಿದಿದೆ. ಆಸ್ಪತ್ರೆಗೆ ಹೋಗುವ ದೂರ ಹೀಗೆ ಕರಗಿದೆ.

ಮರಳುವ ದೂರವನ್ನು ಕರಗಿಸುವ ಕೆಲಸ ಬಾಕಿಯಿದೆ. ಅದರಲ್ಲಿ ಅರ್ಧ ಆಸ್ಪತ್ರೆಯದು, ಇನ್ನರ್ಧ ನಮ್ಮದು. ಹುಚ್ಚಾಸ್ಪತ್ರೆಯಿಂದ ಬಂದವನು ಎಂದು ಅಂಗಡಿ ಕೆಲಸ ಕೊಡದವರು, ದೋಣಿಗೆ ಹತ್ತಿಸದವರು, ಜಮಾತಿನಲ್ಲೋ ದೇವಸ್ಥಾನದ ಊಟದ ಪಂಕ್ತಿಯಲ್ಲೋ ಪಕ್ಕದಲ್ಲಿ ಕೂರದವರು ನಾವೇ. ಮುಂದಿನ ಸಲ ನಮ್ಮ ಮನೆಯವರನ್ನೋ ನೆರೆಯವರನ್ನೋ ಆಸ್ಪತ್ರೆಯಿಂದ ಕರೆತರುವಾಗ ಮಾತ್ರೆಯ ಚೀಟಿಯ ಜೊತೆಗೆ ಇನ್ನೊಂದನ್ನೂ ಕೇಳಿ ಪಡೆಯೋಣ: ಇವರು ಮುಂದೆ ಏನು ಮಾಡಬಯಸುತ್ತಾರೆ ಎಂದು ಇವರನ್ನೇ ಕೇಳಿ ಬರೆದದ್ದು ಎಲ್ಲಿದೆ? ಇಲ್ಲವೆಂದರೆ ಅಲ್ಲೇ ಕೂತು ಬರೆಸೋಣ. ಕಾಯ್ದೆ ನಮ್ಮ ಕಡೆಗಿದೆ.